ವೃದ್ಧರ ಆರೈಕೆಯ ವೆಚ್ಚವನ್ನು ಹೊರುವವರು ಯಾರು?

ನಮ್ಮ ದೇಶದಲ್ಲಿ ಅರವತ್ತು ವರ್ಷ ತುಂಬಿದವರ ಸಂಖ್ಯೆಯು 2011ನೆಯ ಇಸವಿಯ ಜನಗಣತಿಯ ಕಾಲಕ್ಕೇ ಹತ್ತು ಕೋಟಿಯನ್ನು ಮೀರಿದ್ದಿತು. 2050ರ ಸುಮಾರಿಗೆ ಐವರಲ್ಲಿ ಒಬ್ಬರು ಈ ವಯಸ್ಸಿನವರಾಗಿರುವರೆಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯವರು 2023ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಿಳಿಸಿರುತ್ತಾರೆ. ಜನರ ಆಯುಸ್ಸು ಹೆಚ್ಚಿದುದು ಸಂತೋಷಪಡತಕ್ಕ ಸಂಗತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೀಗೆ ದೊರೆತ ವರ್ಷಗಳಲ್ಲಿ ಕಡೆಯ ಕೆಲವು, ಎದ್ದು ಓಡಾಡಲಾರದ, ಇನ್ನೊಬ್ಬರ ಕೈಯಿಂದ ಉಣ್ಣಬೇಕಾದ, ಇನ್ನೊಬ್ಬರ ಕೈಯಿಂದ ಮೈ ತೊಳೆಸಿಕೊಳ್ಳಬೇಕಾದ ವರ್ಷಗಳಾಗಿರುವುದುಂಟು. ಆ ಇನ್ನೊಬ್ಬರು ಯಾರು, ಅವರಿಗೆ ಕೊಡತಕ್ಕ ಹಣವು ಎಲ್ಲಿಂದ ಬರಬೇಕು, ಎಂಬ ಪ್ರಶ್ನೆಯನ್ನು ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಆಡುವವರು ವಿರಳ. ತಂದೆತಾಯಿಗಳ ಸೇವೆಗೆ ಲೆಕ್ಕವಿಡುವುದೇ ತಪ್ಪೆಂಬ ಭಾವನೆಯು ನಮ್ಮಲ್ಲಿ ಬೇರೂರಿರುವುದು. ಮಗಳ ಮದುವೆಗೆ ಹತ್ತು ವರ್ಷ ಮುಂಚಿತವಾಗಿ ಚೀಟಿ ಕಟ್ಟುವ ಗೃಹಸ್ಥನೂ, ಮಗನ ವಿದ್ಯಾಭ್ಯಾಸಕ್ಕೆ ಸಾಲ ಮಾಡುವ ನೌಕರನೂ, ತನ್ನ ತಾಯಿಯು ಹಾಸಿಗೆ ಹಿಡಿದರೆ ಏನು ಗತಿಯೆಂಬುದನ್ನು ಆ ದಿನ ಬರುವವರೆಗೂ ಯೋಚಿಸುವುದಿಲ್ಲ.

ಲೆಕ್ಕ ಹಾಕದಿರುವುದನ್ನು ನಾವು ಭಕ್ತಿಯೆಂದು ಒಪ್ಪಲಾರೆವು. ಹಾಕದ ಲೆಕ್ಕವನ್ನು ಮನೆಯೊಳಗಿನ ಯಾರೋ ಒಬ್ಬರು ತಮ್ಮ ದೇಹಶ್ರಮದಿಂದ ತೀರಿಸುತ್ತಿರುತ್ತಾರೆಂಬುದೂ, ಅವರು ಬಹುಮಟ್ಟಿಗೆ ಹೆಂಗಸರೇ ಆಗಿರುತ್ತಾರೆಂಬುದೂ, ಈ ಮೌನದಿಂದ ಸರ್ಕಾರದವರೂ ತಮ್ಮ ಪಾಲಿನ ಹೊಣೆಯಿಂದ ಜಾರಿಕೊಳ್ಳುವುದಕ್ಕೆ ಅನುಕೂಲವಾಗಿದೆಯೆಂಬುದೂ ನಮ್ಮ ಅಭಿಪ್ರಾಯ. ಆದುದರಿಂದ ಈ ವಿಷಯವನ್ನು ಇಂದು ರೂಪಾಯಿ ಆಣೆಗಳ ಲೆಕ್ಕದಲ್ಲಿಯೇ ವಾಚಕರ ಮುಂದಿಡಲು ಉದ್ದೇಶಿಸಿದ್ದೇವೆ.

ವೃದ್ಧರ ಆರೈಕೆಗೆ ನಮ್ಮ ಮಧ್ಯಮ ತರಗತಿಯ ಕುಟುಂಬಗಳಿಗಿರುವ ಮಾರ್ಗಗಳು ಮುಖ್ಯವಾಗಿ ಮೂರು. ಮನೆಯವರೇ ನೋಡಿಕೊಳ್ಳುವುದು, ಮನೆಯಲ್ಲಿಯೇ ಇಟ್ಟುಕೊಂಡು ಸಂಬಳದ ಆಳನ್ನು ನೇಮಿಸುವುದು, ವೃದ್ಧಾಶ್ರಮಕ್ಕಾಗಲಿ ಈಚೆಗೆ ಪಟ್ಟಣಗಳಲ್ಲಿ ಹುಟ್ಟಿಕೊಂಡಿರುವ ವಿಶ್ರಾಂತಿ ನಿವಾಸಗಳಿಗಾಗಲಿ ಸೇರಿಸುವುದು. ಇವುಗಳಲ್ಲಿ ಮೊದಲನೆಯದಕ್ಕೆ ಖರ್ಚೇ ಇಲ್ಲವೆಂದು ಎಲ್ಲರೂ ತಿಳಿದಿರುತ್ತಾರೆ. ಇದು ಎಷ್ಟರ ಮಟ್ಟಿಗೆ ನಿಜ? ಕೇಂದ್ರ ಸರ್ಕಾರದವರು 2019ರಲ್ಲಿ ನಡೆಸಿದ ಕಾಲವಿನಿಯೋಗದ ಸಮೀಕ್ಷೆಯ ಪ್ರಕಾರ, ಮನೆಯವರ ಆರೈಕೆಯಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 134 ನಿಮಿಷಗಳನ್ನೂ ಗಂಡಸರು 76 ನಿಮಿಷಗಳನ್ನೂ ಅದಕ್ಕಾಗಿ ವ್ಯಯಿಸುತ್ತಿದ್ದರು. ಇದರಲ್ಲಿ ಮಕ್ಕಳ ಪಾಲನೆಯೂ ಸೇರಿದೆ. ಅಡುಗೆ, ಬಟ್ಟೆ ಒಗೆತ ಮೊದಲಾದುವು ಇದಕ್ಕೆ ಹೊರಗಾದುವು. ಹಾಸಿಗೆ ಹಿಡಿದ ವೃದ್ಧರಿರುವ ಮನೆಯಲ್ಲಿಯಾದರೋ ನಿಮಿಷಗಳ ಮಾತೇ ಇಲ್ಲ. ಹಗಲಿರುಳೂ ಒಬ್ಬರು ಬಳಿಯಲ್ಲಿರಬೇಕು. ತಿಂಗಳಿಗೆ 25,000 ರೂಪಾಯಿ ಸಂಬಳ ತರುತ್ತಿದ್ದ ಸೊಸೆಯೋ ಮಗಳೋ ಇದಕ್ಕಾಗಿ ಐದು ವರ್ಷ ಕೆಲಸ ಬಿಟ್ಟಳೆಂದು ಇಟ್ಟುಕೊಳ್ಳೋಣ. ಆ ಕುಟುಂಬವು ತೆತ್ತ ಬೆಲೆ 15 ಲಕ್ಷ ರೂಪಾಯಿ. ಅವಳಿಗೆ ತಪ್ಪಿದ ಬಡ್ತಿಯೂ, ಅವಳ ಭವಿಷ್ಯನಿಧಿಗೆ ಸೇರದೆ ಹೋದ ಹಣವೂ, ಮುಂದೆ ಅವಳದೇ ಮುಪ್ಪಿನಲ್ಲಿ ಅವಳಿಗೆ ಒದಗದಿರುವ ಆಸರೆಯೂ ಈ ಮೊತ್ತಕ್ಕೆ ಸೇರಿಲ್ಲ. ಯಾವ ಜಮಾಖರ್ಚಿನ ಪುಸ್ತಕದಲ್ಲಿಯೂ ಕಾಣದ ಈ ವೆಚ್ಚವನ್ನು ಸೊನ್ನೆಯೆಂದು ಬರೆದುಕೊಂಡು ಉಳಿದ ಮಾರ್ಗಗಳೊಡನೆ ಹೋಲಿಸುವುದು ನ್ಯಾಯವಲ್ಲ.

ಎರಡನೆಯ ಮಾರ್ಗವು ಸಂಬಳದ ಆಳು. ದರವು ಊರಿಂದೂರಿಗೆ ಬೇರೆಯಾಗಿರುವುದು. ಲೆಕ್ಕದ ಅನುಕೂಲಕ್ಕಾಗಿ ಹನ್ನೆರಡು ಗಂಟೆಗಳ ಒಂದು ಸರದಿಗೆ 700 ರೂಪಾಯಿಯೆಂದು ಇಟ್ಟುಕೊಂಡರೆ, ಮೂವತ್ತು ದಿನಕ್ಕೆ 21,000 ರೂಪಾಯಿ ಆಗುವುದು. ರಾತ್ರಿಗೂ ಒಬ್ಬರು ಬೇಕಾದರೆ 42,000. ವರ್ಷಕ್ಕೆ 5 ಲಕ್ಷಕ್ಕೂ ಮೀರಿದ ಹಣ. ಔಷಧ, ವೈದ್ಯರ ಶುಲ್ಕ, ಪಥ್ಯದ ಆಹಾರ ಇವು ಬೇರೆ. ಆಳನ್ನು ಒದಗಿಸುವ ಮಧ್ಯಸ್ಥರ ದಲ್ಲಾಳಿ ಎಷ್ಟು, ಕೆಲಸ ಮಾಡುವಾಕೆಯ ಕೈಗೆ ಸೇರುವುದೆಷ್ಟು, ಅವಳಿಗೆ ಈ ಕೆಲಸದ ಶಿಕ್ಷಣವಾಗಿದೆಯೇ, ಅವಳು ರಜೆ ಹೋದ ದಿನ ಬರುವವರು ಯಾರು, ಎಂಬುದನ್ನು ಕೇಳಿ ತಿಳಿದುಕೊಳ್ಳದೆ ದರವೊಂದನ್ನೇ ನೋಡಿ ಒಪ್ಪಿಕೊಳ್ಳುವವರು ಮುಂದೆ ಪರಿತಪಿಸುವುದುಂಟು. ಹದಿನೈದು ದಿನಕ್ಕೊಮ್ಮೆ ಆಳು ಬದಲಾದರೆ ರೋಗಿಗೂ ನೆಮ್ಮದಿಯಿಲ್ಲ, ಮನೆಯವರಿಗೂ ಇಲ್ಲ.

ಮೂರನೆಯದು ಆಶ್ರಮಗಳು. ಧರ್ಮಾರ್ಥವಾಗಿ ನಡೆಯುವ ಆಶ್ರಮಗಳಲ್ಲಿ ದಿಕ್ಕಿಲ್ಲದವರಿಗೇ ಸ್ಥಳ ಸಾಲದಿರುವಾಗ, ಮಕ್ಕಳಿದ್ದೂ ಹಣವಿದ್ದೂ ಅಲ್ಲಿಗೆ ಕಳುಹಿಸುವುದು ಉಚಿತವಲ್ಲ. ಶುಲ್ಕ ಪಡೆಯುವ ಸಂಸ್ಥೆಗಳ ವಿಷಯದಲ್ಲಿ ತಿಂಗಳ ದರವನ್ನು ಮಾತ್ರ ಹೋಲಿಸಿ ನೋಡುವುದು ಸಾಮಾನ್ಯವಾದ ತಪ್ಪು. ಒಂದು ಕಡೆ ಕಡಿಮೆಯೆಂದು ತೋರುವ ದರದಲ್ಲಿ ಊಟ ವಸತಿಗಳು ಮಾತ್ರ ಸೇರಿದ್ದು, ಔಷಧ, ದಾದಿಯ ಶುಶ್ರೂಷೆ, ಬಟ್ಟೆ ಒಗೆತ, ಆಂಬುಲೆನ್ಸ್ ಇವೆಲ್ಲಕ್ಕೂ ಬೇರೆ ಬೇರೆ ಬಿಲ್ಲುಗಳಾಗಬಹುದು. ಮೊದಲು ಕಟ್ಟುವ ಠೇವಣಿ ಎಷ್ಟು, ವೃದ್ಧರು ತೀರಿಕೊಂಡರೆ ಅಥವಾ ಹೊರಟುಬಂದರೆ ಎಷ್ಟು ಹಿಂದಿರುಗುವುದು, ವರ್ಷಕ್ಕೆ ದರವನ್ನು ಎಷ್ಟು ಏರಿಸುವರು, ಎಂಬುದು ಕರಾರಿನಲ್ಲಿ ಬರಹದ ಮೂಲಕ ಇರತಕ್ಕದ್ದು. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಮತ್ತೊಂದಿದೆ. ನಡೆದಾಡುವವರನ್ನು ಸೇರಿಸಿಕೊಳ್ಳುವ ಸಂಸ್ಥೆಯು ಅವರು ಹಾಸಿಗೆ ಹಿಡಿದ ಮೇಲೆ, ಅಥವಾ ಮರೆವಿನ ರೋಗಕ್ಕೆ ಗುರಿಯಾದ ಮೇಲೆ, ಇಟ್ಟುಕೊಳ್ಳುವುದೇ ಇಲ್ಲವೇ? ಆರೈಕೆಯ ಅಗತ್ಯವು ನಿಜವಾಗಿ ಬಂದೊದಗಿದ ದಿನವೇ ಮನೆಗೆ ಕರೆದುಕೊಂಡು ಹೋಗಿರೆಂದು ಹೇಳುವ ಸಂಸ್ಥೆಗೆ ಲಕ್ಷಗಟ್ಟಲೆ ಹಣ ಕಟ್ಟಿ ಪ್ರಯೋಜನವೇನು? ವಿಶ್ರಾಂತಿ ನಿವಾಸಗಳನ್ನು ಕಟ್ಟಿ ಮಾರುವವರಿಗೆ ಕೇಂದ್ರದ ವಸತಿ ಮಂತ್ರಾಲಯದವರು 2019ರಲ್ಲಿ ಮಾದರಿ ನಿಯಮಗಳನ್ನು ಹೊರಡಿಸಿದ್ದಾರೆ. ಮಾದರಿಯು ಮಾದರಿಯಾಗಿಯೇ ಉಳಿದರೆ ಕೊಳ್ಳುವವರಿಗೆ ಅದರಿಂದ ರಕ್ಷಣೆಯಿಲ್ಲ.

ಇನ್ನು ಈ ವೆಚ್ಚಕ್ಕೆ ಹಣವೆಲ್ಲಿಂದ ಎಂಬ ಪ್ರಶ್ನೆ. ಒಬ್ಬ ಆಳಿನ ತಿಂಗಳ 21,000 ರೂಪಾಯಿಯನ್ನೇ ಅಳತೆಗೋಲಾಗಿ ಹಿಡಿದು ನಮ್ಮಲ್ಲಿರುವ ಆದಾಯಮೂಲಗಳನ್ನು ಒಂದೊಂದಾಗಿ ಅಳೆದು ನೋಡೋಣ.

ಹಳೆಯ ಪದ್ಧತಿಯ ಸರ್ಕಾರಿ ಪಿಂಚಣಿದಾರರ ಸ್ಥಿತಿ ಉತ್ತಮ. ಬೆಲೆಯೇರಿಕೆಗೆ ತಕ್ಕಂತೆ ತುಟ್ಟಿಭತ್ಯವೂ ಏರುವುದು. ಆದರೆ 2006ನೆಯ ಇಸವಿ ಏಪ್ರಿಲ್ ಒಂದರಿಂದ ಈಚೆಗೆ ನಮ್ಮ ರಾಜ್ಯದ ನೌಕರಿಗೆ ಸೇರಿದವರಿಗೆ ಹೊಸ ಪದ್ಧತಿಯನ್ನು ಗೊತ್ತುಮಾಡಲಾಯಿತು. ಇಂದು ಕಚೇರಿಯಲ್ಲಿ ಕುಳಿತು ವೃದ್ಧರ ಅರ್ಜಿಗಳಿಗೆ ಷರಾ ಬರೆಯುವ ಅನೇಕ ಕಿರಿಯ ಅಧಿಕಾರಿಗಳು ತಮ್ಮ ಮುಪ್ಪು ತಮ್ಮ ಹಿರಿಯರ ಮುಪ್ಪಿನಂತೆ ಇರಲಾರದೆಂಬುದನ್ನು ನೆನೆಯುವುದೊಳ್ಳೆಯದು. ಖಾಸಗಿ ಕಾರ್ಖಾನೆ ಕಚೇರಿಗಳಲ್ಲಿ ದುಡಿದವರಿಗೆ ಭವಿಷ್ಯನಿಧಿಯ ಪಿಂಚಣಿ ಯೋಜನೆಯಲ್ಲಿ ಕನಿಷ್ಠವೆಂದು 2014ರಲ್ಲಿ ಗೊತ್ತಾದ ಮೊತ್ತ ತಿಂಗಳಿಗೆ 1,000 ರೂಪಾಯಿ. ಅದು ನಮ್ಮ ಆಳಿನ ಎರಡು ದಿನದ ಕೂಲಿಗೂ ಸಾಲದು.

ಕೈಯಲ್ಲಿ ಗಂಟಿರುವವರ ಮಾತನ್ನು ನೋಡೋಣ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರ ಏಪ್ರಿಲ್‌ನಿಂದ ಒಬ್ಬರ ಹೆಸರಿನಲ್ಲಿ ಗರಿಷ್ಠ 30 ಲಕ್ಷ ರೂಪಾಯಿ ಇಡಲು ಅವಕಾಶವಾಯಿತು. 2025ನೆಯ ಇಸವಿಯಲ್ಲಿದ್ದ ಶೇಕಡ 8.2ರ ಬಡ್ಡಿಯಂತೆ ಇದರಿಂದ ಬರುವುದು ತಿಂಗಳೊಂದಕ್ಕೆ 20,500 ರೂಪಾಯಿ. ಜೀವಮಾನವೆಲ್ಲ ಉಳಿಸಿ, ಸರ್ಕಾರವು ಅನುಮತಿಸಿದ ಕಡೆಯ ರೂಪಾಯಿಯವರೆಗೂ ಕಟ್ಟಿದ ಗೃಹಸ್ಥನಿಗೂ ಹಗಲಿನ ಒಬ್ಬ ಆಳಿನ ಸಂಬಳಕ್ಕೆ 500 ರೂಪಾಯಿ ಕಡಿಮೆ ಬೀಳುವುದು! ರಾತ್ರಿಯ ಆಳಿಗೂ ಊಟಕ್ಕೂ ಔಷಧಕ್ಕೂ ಅವನು ಅಸಲಿಗೇ ಕೈಹಾಕಬೇಕು. ಮೇಲಾಗಿ ಬಡ್ಡಿಯ ಮೊತ್ತವು ಇದ್ದಷ್ಟೇ ಇರುವುದು. ವೆಚ್ಚವು ಇದ್ದಷ್ಟೇ ಇರದು. ವರ್ಷಕ್ಕೆ ಶೇಕಡ 6ರಂತೆ ಏರಿದರೂ ಹನ್ನೆರಡು ವರ್ಷಗಳಲ್ಲಿ ಅದು ಇಮ್ಮಡಿಯಾಗುವುದು. ಅರವತ್ತನೆಯ ವಯಸ್ಸಿನಲ್ಲಿ ಹಾಕಿದ ಲೆಕ್ಕವು ಎಪ್ಪತ್ತೆರಡಕ್ಕೆ ಅರ್ಧವಾಗಿ ಹೋಗುವುದೆಂದು ಇದರ ತಾತ್ಪರ್ಯ.

ಗಂಟಿಲ್ಲದಿದ್ದರೂ ಸ್ವಂತ ಮನೆಯುಳ್ಳವರು ಬಹುಮಂದಿ ಇದ್ದಾರೆ. ಮನೆಯನ್ನು ಬ್ಯಾಂಕಿಗೆ ಒತ್ತೆಯಿಟ್ಟು, ಅದರಲ್ಲಿಯೇ ವಾಸಿಸುತ್ತ ತಿಂಗಳು ತಿಂಗಳೂ ಹಣ ಪಡೆಯುವ ತಿರುಗು ಅಡಮಾನದ ಪದ್ಧತಿಗೆ ರಾಷ್ಟ್ರೀಯ ವಸತಿ ಬ್ಯಾಂಕಿನವರು 2007ರಲ್ಲಿ ನಿಯಮಗಳನ್ನು ಮಾಡಿದರು. ಸಾಲವನ್ನು ದಂಪತಿಗಳಿಬ್ಬರ ಕಾಲಾನಂತರ ಮಕ್ಕಳು ತೀರಿಸಿ ಮನೆಯನ್ನು ಬಿಡಿಸಿಕೊಳ್ಳಬಹುದು. ಇಲ್ಲವೇ ಮಾರಿ ತೀರಿಸಿ ಉಳಿದುದನ್ನು ಪಡೆಯಬಹುದು. ಹೀಗೆ ಬರುವ ಹಣಕ್ಕೆ ವರಮಾನ ತೆರಿಗೆಯಿಲ್ಲ. ಆದರೂ ಇದು ನಮ್ಮಲ್ಲಿ ಬೇರು ಬಿಡಲಿಲ್ಲ. ಮನೆಯೆಂಬುದು ಮಕ್ಕಳಿಗೆ ಬಿಟ್ಟುಹೋಗತಕ್ಕದ್ದೆಂಬ ಭಾವನೆಯು ಬಲವಾದುದು. ಆ ಭಾವನೆಯನ್ನು ನಾವು ಹಳಿಯುವುದಿಲ್ಲ. ಆದರೆ ಮನೆಯನ್ನು ಪಡೆಯುವ ಮಕ್ಕಳು ಆರೈಕೆಯ ವೆಚ್ಚವನ್ನು ಹೊರಲೊಪ್ಪದಿದ್ದಲ್ಲಿ, ಮನೆಯ ಯಜಮಾನನು ಅದನ್ನು ತನ್ನ ಔಷಧಕ್ಕಾಗಿ ಬಳಸಿಕೊಳ್ಳುವುದರಲ್ಲಿ ಯಾವ ಅಧರ್ಮವೂ ಇಲ್ಲವೆಂದು ಸ್ಪಷ್ಟವಾಗಿ ಹೇಳುತ್ತೇವೆ.

ಆರೋಗ್ಯ ವಿಮೆಯಿಂದ ಎಲ್ಲವೂ ಸರಿಹೋಗುವುದೆಂದು ನಂಬಿದವರೂ ಇದ್ದಾರೆ. 2024ರ ಅಕ್ಟೋಬರಿನಲ್ಲಿ ಎಪ್ಪತ್ತು ವರ್ಷ ದಾಟಿದವರೆಲ್ಲರಿಗೂ, ವರಮಾನವೆಷ್ಟೇ ಇರಲಿ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಆಯುಷ್ಮಾನ್ ಭಾರತ ಯೋಜನೆಯನ್ನು ಕೇಂದ್ರ ಸರ್ಕಾರದವರು ವಿಸ್ತರಿಸಿದರು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಸರಕು ಸೇವಾ ತೆರಿಗೆಯನ್ನೂ ತೆಗೆದುಹಾಕಿದರು. ಇವು ಸ್ವಾಗತಾರ್ಹವಾದ ಕ್ರಮಗಳು. ಆದರೆ ಇವೆಲ್ಲ ಮುಖ್ಯವಾಗಿ ಆಸ್ಪತ್ರೆ ಸೇರಿದ ರೋಗಿಗೆ ಅನ್ವಯಿಸುವಂಥವು. ಸೊಂಟದ ಮೂಳೆ ಮುರಿದರೆ ಶಸ್ತ್ರಚಿಕಿತ್ಸೆಗೆ ಹಣ ದೊರೆಯುವುದು. ಶಸ್ತ್ರಚಿಕಿತ್ಸೆ ಮುಗಿದು ಮನೆಗೆ ಬಂದ ಮೇಲೆ ಮೂರು ವರ್ಷ ಎತ್ತಿ ಕೂರಿಸಿ, ಉಣ್ಣಿಸಿ, ಮೈ ಒರೆಸುವವರ ಸಂಬಳಕ್ಕೆ ದೊರೆಯದು. ಮುಪ್ಪಿನ ವೆಚ್ಚದಲ್ಲಿ ದೀರ್ಘವಾದ ಭಾಗವು ಈ ಎರಡನೆಯದೇ.

ಹಾಗಾದರೆ ಏನೂ ಇಲ್ಲದ ಬಡವರ ಪಾಡೇನು? 2007ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನವೆಂಬ ಹೆಸರು ಪಡೆದಾಗ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿಯಾಗಿದ್ದಿತು. ಎಂಬತ್ತು ದಾಟಿದವರಿಗೆ 2011ರಲ್ಲಿ 500 ಮಾಡಿದುದನ್ನು ಬಿಟ್ಟರೆ, ಉಳಿದವರಿಗೆ 2025ರಲ್ಲಿಯೂ ಅದೇ 200. ದಿನಕ್ಕೆ ಏಳು ರೂಪಾಯಿಗಿಂತ ಕಡಿಮೆ. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆಯೆಂದರೆ ಇದೇ. ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯು ಅರವತ್ತೈದು ತುಂಬಿದ ಬಡವರಿಗಾಗಿ 2007ರಲ್ಲಿ ಏರ್ಪಟ್ಟುದು. ಅದರ ವೇತನವನ್ನು 2021ರಲ್ಲಿ 1,000ದಿಂದ 1,200 ರೂಪಾಯಿಗೆ ಏರಿಸಿದರು. ಅದೂ ದಿನಕ್ಕೆ ನಲವತ್ತು ರೂಪಾಯಿಯ ಮಾತಾಯಿತು. ನಮ್ಮ ರಾಜ್ಯಾಂಗದ 41ನೆಯ ಅನುಚ್ಛೇದವು ವೃದ್ಧಾಪ್ಯದಲ್ಲಿ ಸರ್ಕಾರದ ನೆರವು ದೊರೆಯತಕ್ಕದ್ದೆಂದು, ಆರ್ಥಿಕ ಶಕ್ತಿಯ ಮಿತಿಯೊಳಗೆ, ವಿಧಿಸುತ್ತದೆ. ಬೇರೆಲ್ಲ ವೆಚ್ಚಗಳೂ ಬೆಳೆದಿರುವಾಗ ಈ 200 ರೂಪಾಯಿ ಮಾತ್ರ ಹದಿನೆಂಟು ವರ್ಷ ನಿಂತಲ್ಲೇ ನಿಂತಿರುವುದನ್ನು ಆರ್ಥಿಕ ಶಕ್ತಿಯ ಮಿತಿಯೆಂದು ಯಾರು ನಂಬಿಯಾರು?

ಹಣದ ನೆರವು ಹೀಗಿರಲಾಗಿ, ಕಾನೂನಿನ ನೆರವಾದರೂ ಪೂರ್ಣವಾಗಿದೆಯೇ ಎಂದರೆ ಅದೂ ಇಲ್ಲ. 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮವು ಉತ್ತಮವಾದ ಶಾಸನ. ನೋಡಿಕೊಳ್ಳದ ಮಕ್ಕಳ ಮೇಲೆ ವೃದ್ಧರು ವಕೀಲರಿಲ್ಲದೆಯೇ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು; ನೋಟೀಸು ಜಾರಿಯಾದ 90 ದಿನಗಳೊಳಗೆ ತೀರ್ಮಾನವಾಗಬೇಕು. ಆದರೆ ಮಕ್ಕಳಿಂದ ಕೊಡಿಸಬಹುದಾದ ಜೀವನಾಂಶಕ್ಕೆ ಶಾಸನವೇ ತಿಂಗಳಿಗೆ 10,000 ರೂಪಾಯಿಯ ಗರಿಷ್ಠ ಮಿತಿಯನ್ನು ಹಾಕಿರುವುದು. ಮಗನು ಲಕ್ಷಾಧಿಪತಿಯಾದರೂ ಅಷ್ಟೇ. ನಮ್ಮ ಅಳತೆಗೋಲಿನ ಅರ್ಧಕ್ಕೂ ಅದು ಮುಟ್ಟದು. ಈ ಮಿತಿಯನ್ನು ತೆಗೆದುಹಾಕುವ ತಿದ್ದುಪಡಿ ಮಸೂದೆಯನ್ನು 2019ರ ಡಿಸೆಂಬರಿನಲ್ಲಿ ಲೋಕಸಭೆಯ ಮುಂದಿಟ್ಟರು. 2024ರಲ್ಲಿ ಆ ಸಭೆಯು ವಿಸರ್ಜನೆಯಾಗುವವರೆಗೂ ಅದು ಕಾನೂನಾಗಲಿಲ್ಲ. ಜಿಲ್ಲೆಗೊಂದರಂತೆ ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಆಶ್ರಮಗಳನ್ನು ರಾಜ್ಯಗಳು ಸ್ಥಾಪಿಸಬಹುದೆಂದೂ ಇದೇ ಶಾಸನವು ಹೇಳುತ್ತದೆ. ಸ್ಥಾಪಿಸತಕ್ಕದ್ದು ಎನ್ನದೆ ಸ್ಥಾಪಿಸಬಹುದು ಎಂದುದರಿಂದ ಹೊಣೆಯು ಇಷ್ಟವಾಗಿ ಪರಿಣಮಿಸಿತು.

ಸರ್ಕಾರವು ಇದರಲ್ಲಿ ಹೆಚ್ಚಾಗಿ ಕೈಹಾಕಿದರೆ ಮಕ್ಕಳು ತಮ್ಮ ಧರ್ಮವನ್ನು ಮರೆತಾರೆಂದು ಕೆಲವು ಸಜ್ಜನರು ಆಕ್ಷೇಪಿಸುವರು. ಈ ಆತಂಕವನ್ನು ನಾವು ಲಘುವಾಗಿ ಎಣಿಸುವುದಿಲ್ಲ. ಆದರೆ ಮಗನ ಕೈ ಸೋತಾಗ ನೆರವಾಗುವುದಕ್ಕೂ ಮಗನ ಸ್ಥಾನದಲ್ಲಿ ನಿಲ್ಲುವುದಕ್ಕೂ ಅಂತರವುಂಟು. ನೆರೆಯ ಕೇರಳವನ್ನು ನೋಡಿರಿ. 1993ರಲ್ಲಿ ಕೋಳಿಕೋಡಿನಲ್ಲಿ ನೋವು ಉಪಶಮನ ಸೇವೆಯ ಸಂಘವೊಂದು ಚಿಕ್ಕದಾಗಿ ಆರಂಭವಾಯಿತು. ಊರೂರಿನ ಸ್ವಯಂಸೇವಕರು ಅದಕ್ಕೆ ಸೇರಿದರು. 2008ರಲ್ಲಿ ರಾಜ್ಯ ಸರ್ಕಾರವು ಉಪಶಮನ ಸೇವೆಗೆ ಒಂದು ನೀತಿಯನ್ನೇ ರೂಪಿಸಿತು. ಪಂಚಾಯಿತಿಗಳು ಆ ಕೆಲಸದಲ್ಲಿ ಪಾಲ್ಗೊಂಡವು. ಶಿಕ್ಷಣ ಪಡೆದ ದಾದಿಯು ಮನೆಗೆ ಬಂದು ಹುಣ್ಣು ತೊಳೆದು, ಮನೆಯವರಿಗೆ ಹೇಗೆ ಮಗ್ಗುಲು ಬದಲಿಸಬೇಕೆಂದು ತೋರಿಸಿ ಹೋಗುವ ಈ ಕ್ರಮದಿಂದ ಅಲ್ಲಿನ ಮಕ್ಕಳು ಕರ್ತವ್ಯಭ್ರಷ್ಟರಾದರೇ? ಅವರ ಕರ್ತವ್ಯವು ಸಾಧ್ಯವಾಗುವಂತಾಯಿತು. ಜಪಾನಿನಲ್ಲಿ 2000ನೆಯ ಇಸವಿಯಿಂದ ನಲವತ್ತು ವರ್ಷ ತುಂಬಿದವರೆಲ್ಲರೂ ಆರೈಕೆಯ ವಿಮೆಗೆ ಕಡ್ಡಾಯವಾಗಿ ಕಂತು ಕಟ್ಟುವರು. ವೆಚ್ಚದ ಉಳಿದ ಅರ್ಧವನ್ನು ತೆರಿಗೆಯ ಹಣದಿಂದ ಭರಿಸುವರು. ಜರ್ಮನಿಯು 1995ರಲ್ಲಿಯೇ ಅಂತಹ ವಿಮೆಯನ್ನು ಜಾರಿಗೆ ತಂದಿತು. ಅವು ಧನಿಕ ದೇಶಗಳು. ಅವುಗಳ ಅನುಕರಣವು ನಾಳೆಯೇ ಸಾಧ್ಯವೆಂದು ನಾವು ಹೇಳುವುದಿಲ್ಲ. ಮುಪ್ಪು ಎಲ್ಲರಿಗೂ ಬರುವಂಥದು, ಹಾಸಿಗೆ ಹಿಡಿಯುವುದು ಯಾರಿಗೆ ಎಂದು ಮೊದಲೇ ತಿಳಿಯದು, ಆದುದರಿಂದ ಎಲ್ಲರೂ ಸ್ವಲ್ಪ ಸ್ವಲ್ಪ ಕೊಟ್ಟು ಭಾರವನ್ನು ಹಂಚಿಕೊಳ್ಳಬೇಕು, ಎಂಬ ತತ್ತ್ವವು ಮಾತ್ರ ಯಾವ ದೇಶಕ್ಕೂ ಒಪ್ಪತಕ್ಕದ್ದು.

ಸರ್ಕಾರದವರಲ್ಲಿ ನಮ್ಮ ಬಿನ್ನಹವಿಷ್ಟು. ವೃದ್ಧಾಪ್ಯ ವೇತನದ ಕೇಂದ್ರದ ಪಾಲನ್ನು ಏರಿಸಿ, ನೌಕರರ ತುಟ್ಟಿಭತ್ಯದಂತೆ ಅದನ್ನೂ ಬೆಲೆಗಳೊಡನೆ ಏರುವಂತೆ ಮಾಡಬೇಕು. ಜೀವನಾಂಶದ 10,000 ರೂಪಾಯಿಯ ಮಿತಿಯನ್ನು ರದ್ದುಮಾಡಬೇಕು. 2010ರಲ್ಲಿ ಆರಂಭವಾದ ವೃದ್ಧರ ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಗೆ ಹತ್ತು ಹಾಸಿಗೆಗಳ ವಾರ್ಡನ್ನೂ ಮನೆಭೇಟಿಯನ್ನೂ ಹೇಳಿದೆ. ಆ ಮನೆಭೇಟಿಯು ತಾಲ್ಲೂಕು ತಾಲ್ಲೂಕಿನಲ್ಲಿಯೂ ಕ್ರಮವಾಗಿ ನಡೆಯುವಂತೆ ದಾದಿಯರನ್ನು ನೇಮಿಸಬೇಕು. ಆರೈಕೆಯ ಆಳುಗಳಿಗೆ ಶಿಕ್ಷಣ, ನೋಂದಣಿ, ನ್ಯಾಯವಾದ ಕೂಲಿ, ಇವುಗಳಿಗೆ ಏರ್ಪಾಡಾಗಬೇಕು. ಶುಲ್ಕ ಪಡೆಯುವ ಪ್ರತಿಯೊಂದು ಆಶ್ರಮವೂ ತನ್ನ ದರಗಳನ್ನೂ, ಠೇವಣಿಯ ಷರತ್ತುಗಳನ್ನೂ, ಹಾಸಿಗೆ ಹಿಡಿದವರನ್ನು ಇಟ್ಟುಕೊಳ್ಳುವುದೋ ಇಲ್ಲವೋ ಎಂಬುದನ್ನೂ ಒಂದೇ ನಮೂನೆಯಲ್ಲಿ ಪ್ರಕಟಿಸುವಂತೆ ವಿಧಿಸಬೇಕು. ಈ ಕಡೆಯದಕ್ಕೆ ಬೊಕ್ಕಸದಿಂದ ಹೆಚ್ಚು ಹಣವೇನೂ ಬೇಕಾಗಿಲ್ಲ.

ಗೃಹಸ್ಥರಲ್ಲಿಯೂ ಎರಡು ಮಾತು. ಆಸ್ತಿಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡಿಕೊಡುವ ಹಿರಿಯರು, ತಮ್ಮನ್ನು ನೋಡಿಕೊಳ್ಳತಕ್ಕದ್ದೆಂಬ ಷರತ್ತನ್ನು ಪತ್ರದಲ್ಲಿಯೇ ಬರೆಯಿಸಬೇಕು. 2007ರ ಶಾಸನದ 23ನೆಯ ಪ್ರಕರಣದ ಮೇರೆಗೆ ಷರತ್ತಿಗೆ ತಪ್ಪಿದಲ್ಲಿ ಆ ಪತ್ರವನ್ನು ರದ್ದುಪಡಿಸಲು ಅವಕಾಶವಿದೆ. ಷರತ್ತೇ ಇರಲಿಲ್ಲವೆಂದು ಎದುರುಪಕ್ಷದವರು ವಾದಿಸಿದರೆ ವ್ಯಾಜ್ಯವು ವರ್ಷಗಟ್ಟಲೆ ಬೆಳೆಯುವುದು. ಎರಡನೆಯದಾಗಿ, ಮನೆಯ ಹಿರಿಯರು ಗಟ್ಟಿಯಾಗಿರುವಾಗಲೇ ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಸೊಸೆಯರೂ ಒಟ್ಟಿಗೆ ಕುಳಿತು, ಹಿರಿಯರನ್ನೂ ಕೂರಿಸಿಕೊಂಡು, ಅವರ ಇಷ್ಟವೇನೆಂದು ಕೇಳಿ, ಯಾರು ಹಣ ಕೊಡುವರು, ಯಾರು ಮೈಮುರಿದು ದುಡಿಯುವರು, ದುಡಿಯುವವರಿಗೆ ಬಿಡುವೆಂದು, ಎಂಬುದನ್ನು ಕಾಗದದ ಮೇಲೆ ಬರೆದಿಡಲಿ. ದೂರದ ಊರಿನಿಂದ ಹಣ ಕಳುಹಿಸುವ ಮಗನು ತನ್ನ ಪಾಲು ಅಲ್ಲಿಗೆ ಮುಗಿಯಿತೆಂದು ತಿಳಿಯದಿರಲಿ. ಬಳಿಯಲ್ಲಿದ್ದು ಹಗಲಿರುಳು ಶುಶ್ರೂಷೆ ಮಾಡುವವಳ ಶ್ರಮವನ್ನು ಆ ಕಾಗದದಲ್ಲಿ ಮೊದಲನೆಯ ಸಾಲಿನಲ್ಲಿಯೇ, ಅದರ ಬೆಲೆಯೊಡನೆ, ಬರೆಯತಕ್ಕದ್ದು.